ಶಾಂತ ಸ್ವಭಾವದ ಸರ್ಟಿಫಿಕೇಟು

ಹೃದ್ರೋಗ ಸಂಶೋಧನಾ ವಿಭಾಗ, ಎರಡನೇ ಮಹಡಿ
ಮಂಗಳವಾರ, ೧೪ನೇ ತಾರೀಖು

ಪ್ರೀತಿಯ ತಮ್ಮಾ,

ಹೇಗಿದ್ದೀಯ? ಬೆನ್ನುನೋವು ಕಡಿಮೆಯಾಯಿತೇ? ಹೊತ್ತಿಗೆ ಸರಿಯಾಗಿ ಉಣ್ಣುತ್ತೀಯೋ, ಇಲ್ಲ ಅಪ್ಪನ ಮೇಲಿನ ಸಿಟ್ಟನ್ನೇ ಉಂಡು ಮಲಗುತ್ತೀಯೋ? ಅಪ್ಪ ಇರುವ ಮನೆಯ ಹೊಸಿಲು ತುಳಿಯುವುದಿಲ್ಲವೆಂದು ನೀನು ಬಾಗಿಲು ಬಡಿದುಕೊಂಡು ಹೋಗಿ ಎರಡು ವರ್ಷವಾಯಿತು. ಅಂಥ ಶೂರನಿಗೆ ಕಾಗದ ಬರೆಯಬೇಕೆಂದು ನನಗೂ ಅನಿಸಿರಲಿಲ್ಲ. ಈಗ ಅಮ್ಮನಿಗೆ ಹೃದಯದ ಆಪರೇಷನ್ ಆಗಬೇಕಾಗಿದೆ, ಅದಕ್ಕೆ ಬರೆಯುತ್ತಿದ್ದೇನೆ. ಗಾಬರಿಯಾಗಬೇಡ, ಪೂರ್ತಿ ಓದು.

ನನ್ನ ಕೆಲಸ ಏನೆಂದು ನೀನು ಯಾವತ್ತೂ ಸರಿಯಾಗಿ ಕೇಳಲಿಲ್ಲ. ಜನರಿಗೆ ಸಿಟ್ಟು ಬರಿಸುವುದು. ಅದಕ್ಕೇ ಸಂಬಳ. ಹೃದಯದ ರಕ್ತನಾಳ ಕಟ್ಟಿಕೊಳ್ಳಲು ಸಿಡುಕು ಸ್ವಭಾವವೇ ಮುಖ್ಯ ಕಾರಣ ಎಂಬುದು ನಮ್ಮ ದೊಡ್ಡ ಡಾಕ್ಟರ ಸಿದ್ಧಾಂತ. ಅದನ್ನು ಸಾಬೀತು ಮಾಡಲು ಜನರನ್ನು ಕಿಟಕಿಯಿಲ್ಲದ ಕೋಣೆಯಲ್ಲಿ, ಒಂದು ಕಾಲು ಗಿಡ್ಡವಾದ ಕುರ್ಚಿಯ ಮೇಲೆ ಕೂರಿಸುತ್ತೇವೆ. ಪ್ರಶ್ನೆಯನ್ನು ಬೇಕೆಂದೇ ಎಳೆದೆಳೆದು ಕೇಳುತ್ತೇನೆ, ಉತ್ತರ ಶುರುವಾದೊಡನೆ ನಡುವೆ ಬಾಯಿ ಹಾಕುತ್ತೇನೆ, "ಹೌದಾ? ನಂಬೋಕಾಗಲ್ಲ" ಎನ್ನುತ್ತೇನೆ. ಎಷ್ಟು ಬೇಗ ಹಲ್ಲು ಕಡಿಯುತ್ತಾರೋ ಅಷ್ಟು ಹೆಚ್ಚು ಅಂಕ. ಹೆಚ್ಚು ಅಂಕ ಬಂದವರನ್ನು ಟ್ರೆಡ್‌ಮಿಲ್ ಹತ್ತಿಸಿ ಹೃದಯ ಪರೀಕ್ಷಿಸುತ್ತಾರೆ. ಕಡಿಮೆ ಬಂದವರಿಗೆ ಶಾಂತ ಸ್ವಭಾವವೆಂದು ಸರ್ಟಿಫಿಕೇಟು ಕೊಟ್ಟು ಕಳಿಸುತ್ತಾರೆ. ಈ ಸಿದ್ಧಾಂತದ ಪಿತಾಮಹರು ಮೊನ್ನೆ ಪ್ರಿಂಟರಿನಲ್ಲಿ ಕಾಗದ ಸಿಕ್ಕಿಕೊಂಡಿತೆಂದು ಅದಕ್ಕೆ ಒದ್ದು, ಹೆಬ್ಬೆರಳಿಗೆ ಬ್ಯಾಂಡೇಜು ಸುತ್ತಿಕೊಂಡು ಓಡಾಡುತ್ತಿದ್ದಾರೆ. ಅವರಿಗೆ ಅಂಕ ಹಾಕುವ ಧೈರ್ಯ ಯಾರಿಗೂ ಇಲ್ಲ.

ಹೋದ ವರ್ಷ ನಮ್ಮ ತಂದೆಯವರೂ ಈ ಸಂಶೋಧನೆಗೆ ಸೇರುತ್ತೇನೆಂದು ಬಂದರು. ಮನೆಯವರನ್ನು ನಾನು ಪ್ರಶ್ನಿಸುವಂತಿಲ್ಲ. ಪಕ್ಕದ ಮೇಜಿನವಳು, ನಾವೆಲ್ಲ ಮುಳ್ಳು ಎಂದು ಕರೆಯುವವಳು, ಅವರನ್ನು ಕೂರಿಸಿಕೊಂಡಳು. ಅವಳ ಮುಂದೆ ಕಲ್ಲಿಗೂ ಸಿಟ್ಟು ಬರುತ್ತದೆ. ಅಪ್ಪ ಮಾತ್ರ ಬೆಣ್ಣೆಯಲ್ಲಿ ಕೂದಲು ತೆಗೆದಂತೆ ಮಾತಾಡಿದರು. "ನೀನು ನನ್ನ ಮಗಳಿದ್ದ ಹಾಗೆ, ನಿಧಾನಕ್ಕೆ ಕೇಳಮ್ಮಾ" ಎಂದರು. ನಿಜವಾದ ಮಗಳು ನಾನು ಗೋಡೆಯಾಚೆಯೇ ಕೂತಿದ್ದೆ. ಆ ದನಿಯನ್ನು ಹುಟ್ಟಿದಂದಿನಿಂದ ಕೇಳಿರಲಿಲ್ಲ. ಊರಿಗೆ ಉಪಕಾರಿ, ಮನೆಗೆ ಮಾರಿ ಎಂಬ ರೋಗವನ್ನು ಪತ್ತೆಹಚ್ಚುವ ಯಂತ್ರ ಇನ್ನೂ ಬಂದಿಲ್ಲ. ಅಂಕ ತೀರಾ ಕಡಿಮೆ ಬಂತು. ಈಗ ಆ ಶಾಂತ ಸ್ವಭಾವದ ಸರ್ಟಿಫಿಕೇಟು ಕಟ್ಟು ಹಾಕಿಸಿಕೊಂಡು ಟಿವಿಯ ಮೇಲಿನ ಗೋಡೆಯಲ್ಲಿದೆ. ಟವೆಲ್ಲು ಒಣಗಿಲ್ಲವೆಂದು ಅಮ್ಮನ ಮೇಲೆ ಹರಿಹಾಯುವಾಗ ಅದನ್ನೇ ತೋರಿಸಿ, "ನಾನು ಶಾಂತ ಸ್ವಭಾವದವನು ಅಂತ ಡಾಕ್ಟರೇ ಬರೆದುಕೊಟ್ಟಿದ್ದಾರೆ! ನೀನೇ ನನ್ನ ತಲೆ ಕೆಡಿಸ್ತಿರೋದು!" ಎಂದು ಪಕ್ಕದ ಮನೆಗೂ ಕೇಳುವಂತೆ ಕೂಗುತ್ತಾರೆ.

ಹೋದ ವಾರ ನಾನು ಮರೆತುಬಂದ ಕನ್ನಡಕ ಕೊಡಲು ಬಂದ ಅಮ್ಮ, ಮೆಟ್ಟಿಲು ಹತ್ತಿ ಬರುವಷ್ಟರಲ್ಲಿ ಗೋಡೆ ಹಿಡಿದು ನಿಂತಿದ್ದಳು. ದವಡೆ ಸೆಳೆಯುತ್ತದೆ, ಹಲ್ಲುನೋವಿರಬೇಕು ಎಂದಳು. ದೊಡ್ಡ ಡಾಕ್ಟರು ನೋಡಿ, ಹೇಗೂ ಬಂದಿದ್ದಾರೆ, ಇವರಿಗೂ ಅಂಕ ಹಾಕಿಬಿಡಿ ಎಂದರು. ಮುಳ್ಳು ಎಷ್ಟು ಚುಚ್ಚಿದರೂ ಅಮ್ಮ ಸಿಡುಕಲಿಲ್ಲ. ಕೊನೆಗೆ ಅವಳ ಕೈ ಹಿಡಿದು, "ಬೆಳಿಗ್ಗೆಯಿಂದ ಏನೂ ತಿಂದಿಲ್ವೇನಮ್ಮಾ? ಮುಖ ಬಾಡಿದೆ" ಎಂದಳಂತೆ. ಅಂಕ ಸೊನ್ನೆ. ಇಂಥ ಹೃದಯಕ್ಕೆ ಪರೀಕ್ಷೆ ಯಾಕೆ ಎಂದು ಡಾಕ್ಟರು ಹೊರಟೇಹೋದರು. ನಾನು ಬಿಡದೆ ಕೆಳಗಿನ ಮಹಡಿಯ ವೈದ್ಯೆಯ ಬಳಿ ಕರೆದೊಯ್ದೆ. ಅವರು ಇಸಿಜಿ ನೋಡಿದವರೇ ಅಮ್ಮನನ್ನು ಮನೆಗೆ ಬಿಡಲಿಲ್ಲ. ಮರುದಿನ ಆಂಜಿಯೋಗ್ರಾಂನಲ್ಲಿ ಹೃದಯದ ಮೂರು ಮುಖ್ಯ ರಕ್ತನಾಳಗಳೂ ಕಟ್ಟಿಕೊಂಡಿರುವುದು ಕಂಡಿತು. ಸಿಡುಕುವವರನ್ನು ಇಷ್ಟು ವರ್ಷ ಅಳೆದಿರಿ, ಆ ಸಿಡುಕನ್ನು ಕೇಳಿಸಿಕೊಂಡು ಬದುಕುವವರನ್ನು ಒಬ್ಬರನ್ನಾದರೂ ಅಳೆದಿರಾ ಎಂದು ದೊಡ್ಡ ಡಾಕ್ಟರನ್ನು ಕೇಳಿದೆ. "ಅದಕ್ಕೆಲ್ಲ ಪುರಾವೆ ಇಲ್ಲಮ್ಮಾ. ವಯಸ್ಸು, ಸಕ್ಕರೆ ಕಾಯಿಲೆ, ಏನೇನೋ ಇರುತ್ತೆ" ಎಂದರು. ಹುಡುಕಿದರೆ ತಾನೇ ಪುರಾವೆ ಸಿಗುವುದು! ಅಮ್ಮ ಸಿದ್ಧಾಂತಕ್ಕೆ ಅಪವಾದವಂತೆ, ಲೆಕ್ಕದಿಂದ ತೆಗೆದುಹಾಕಿದ್ದಾರೆ.

ಅಪ್ಪ ಸುದ್ದಿ ಕೇಳಿ ಮೊದಲು ಆಸ್ಪತ್ರೆಯನ್ನು ಬೈದರು, ಆಮೇಲೆ ನನ್ನನ್ನು, ಆಮೇಲೆ ನೋವನ್ನು ಮುಚ್ಚಿಟ್ಟದ್ದಕ್ಕೆ ಅಮ್ಮನನ್ನು. ಅಮ್ಮ ವಾರ್ಡಿನ ಹಾಸಿಗೆಯಲ್ಲಿ ಎದ್ದು ಕೂತು "ತಪ್ಪಾಯ್ತು" ಎಂದಳು. ಇಬ್ಬರ ಮೇಲೂ ನನಗೆ ಅಸಹ್ಯವಾಯಿತು, ಅಮ್ಮನ ಮೇಲೂ ಆಯಿತಲ್ಲಾ ಎಂದು ಹೊರಗೆ ಹೋಗಿ ಅತ್ತೆ.

ಬೆನ್ನಿಗೆ ಬಿಸಿನೀರಿನ ಶಾಖ ಕೊಡು. ದೇವರು ನಿನಗೆ ಆರೋಗ್ಯ ಕೊಡಲಿ, ಅದರ ಜೊತೆಗೆ ಒಂದಿಷ್ಟು ಬುದ್ಧಿಯನ್ನೂ.

ಬೈದರೂ ನಿನ್ನವಳೇ ಆದ,
ಅಕ್ಕ

ತಾ.ಕ.: ಆಪರೇಷನ್ ಬರುವ ವಾರ, ಬುಧವಾರ ಬೆಳಿಗ್ಗೆ. ನಿನಗೆ ತಿಳಿಸಕೂಡದೆಂದು ಅಮ್ಮ ನನ್ನಿಂದ ಆಣೆ ಹಾಕಿಸಿಕೊಂಡಿದ್ದಾಳೆ. ನಿನಗೆ ಚಿಂತೆಯಾಗುತ್ತದೆ ಎಂದಲ್ಲ. "ಅವನು ಬಂದ್ರೆ ಇಬ್ರೂ ಶುರು ಮಾಡ್ತಾರೆ ಕಣೇ, ಇನ್ನು ನನ್ನ ಕೈಲಿ ಕೇಳೋಕಾಗಲ್ಲ" ಎಂದಳು. ಇಬ್ಬರೂ ಎಂದಳು, ನೋಡು. ಆಮೇಲೆ ಆ ಕಡೆ ತಿರುಗಿ ಮಲಗಿ, ನೀನು ಸಣ್ಣಗಾಗಿದ್ದೀಯೋ ಏನೋ ಎಂದಳು. ಬಾ. ಬಾಯಿ ಮುಚ್ಚಿಕೊಂಡು ಬಾ.