ಟೊಮೆಟೊ ಬೆಳೆದ ಡಬ್ಬಿಗಳು

ನಮ್ಮ ಮನೆಯವರಿಗೆ,

ಗುಬ್ಬಿಯನ್ನು ಕರೆದುಕೊಂಡು ಅಮ್ಮನ ಮನೆ ಸೇರಿದ್ದೇನೆ. ಮುನಿಸಿಕೊಂಡು ಬಂದವಳಲ್ಲ. ಮಗಳ ರಕ್ತದಲ್ಲಿ ಸೀಸ ಸೇರಿದೆ ಎಂದು ಡಾಕ್ಟರು ಹೇಳಿದಾಗ ನೀವು ನಕ್ಕಿರಿ. "ದಿನಾ ಬ್ಯಾಟರಿ ಬಿಚ್ಚೋನು ನಾನು, ನನಗೇ ಏನೂ ಆಗಿಲ್ವಲ್ಲ!" ಎಂದಿರಿ. ನೀವು ಆನೆಯ ಹಾಗಿದ್ದೀರಿ, ಅವಳು ಗುಬ್ಬಿಯಷ್ಟಿದ್ದಾಳೆ. ಆ ನಗು ಕೇಳಿದ ಮೇಲೆ ಅವಳ ಬಟ್ಟೆ ಕಟ್ಟಿಕೊಂಡು ಹೊರಟೆ.

ಹಿತ್ತಲಿನ ಟೊಮೆಟೊ ಗಿಡಗಳನ್ನು ಕಿತ್ತುಬಿಡಿ. ಅಂಗಡಿಯ ಹಳೇ ಬ್ಯಾಟರಿ ಡಬ್ಬಿಗಳನ್ನು ಕತ್ತರಿಸಿ ನೀವು ಅಷ್ಟು ಅಕ್ಕರೆಯಿಂದ ಮಾಡಿದ ಕುಂಡಗಳಲ್ಲೇ ಅವು ಬೆಳೆದದ್ದು. ಅವಳು ಅಡುಗೆಯಾಟ ಆಡಿದ್ದು ಬ್ಯಾಟರಿಯ ಸೀಸ ಇಳಿದ ಅದೇ ಮಣ್ಣಿನಲ್ಲಿ. ಪಕ್ಕದ ಮನೆಯವರಿಗೂ ಹಣ್ಣು ಕೊಟ್ಟಿದ್ದೇವೆ. ನಾಚಿಕೆಯಾದರೂ ಹೋಗಿ ಹೇಳಿ. ಮಣ್ಣನ್ನು ಚರಂಡಿಗೆ ಮಾತ್ರ ಸುರಿಯಬೇಡಿ, ಅದು ಹರಿದು ಇನ್ಯಾರದೋ ಮಗುವಿನ ಹೊಟ್ಟೆ ಸೇರುತ್ತದೆ. ಡಬ್ಬಿಗಳ ಸಮೇತ ಚೀಲದಲ್ಲಿ ಬಿಗಿಯಾಗಿ ಕಟ್ಟಿ, ಹಳೇ ಬ್ಯಾಟರಿ ಒಯ್ಯುವ ಕಾರ್ಖಾನೆಯವರಿಗೇ ಒಪ್ಪಿಸಿ. ಸೀಸದ ಧೂಳು ಹಿಡಿದ ಅಂಗಡಿಯ ಅಂಗಿ ಇನ್ನು ಮೇಲೆ ಅಂಗಡಿಯಲ್ಲೇ ಇರಲಿ.

ಸಂಜೆಯಾದರೆ ಸಾಕು, "ಅಪ್ಪನ ಗಾಡಿ ಸದ್ದು ಬಂತಾ?" ಎಂದು ಬಾಗಿಲಲ್ಲಿ ಕೂರುತ್ತಾಳೆ. ಬನ್ನಿ, ಬೇಡವೆನ್ನುವುದಿಲ್ಲ. ಸ್ನಾನ ಮಾಡಿ, ಒಗೆದ ಬಟ್ಟೆ ಹಾಕಿಕೊಂಡು ಬನ್ನಿ. ಅಂಗಡಿಯಿಂದ ನೇರವಾಗಿ ಬಂದರೂ ಅವಳು ಓಡಿ ಬಂದೇ ಬರುತ್ತಾಳೆ. ಆಗ ಎತ್ತಿಕೊಳ್ಳಬೇಡಿ ಎಂದು ನಿಮಗೆ ಹೇಳುವುದು ನನ್ನ ಕೈಲಾಗದು.

ಗುಬ್ಬಿಯ ಅಮ್ಮ