ಆಣೆ ಹಾಕಿ ಕಳಿಸಿದ ಬೂಟು

ಸಿದ್ದಾಪುರ,
ಭಾನುವಾರ, ೨೩-೧೧-೧೯೯೭

ಪ್ರೀತಿಯ ಮಗ ಉದಯನಿಗೆ ನಿನ್ನ ಅಪ್ಪ ಸೋಮ ಮಾಡುವ ಆಶೀರ್ವಾದಗಳು.

ಇಲ್ಲಿ ನಾನು, ನಿನ್ನವ್ವ ಇಬ್ಬರೂ ಎದ್ದು ಓಡಾಡಿಕೊಂಡಿದ್ದೇವೆ. ನಿನ್ನ ಎಡಗಾಲಿನ ಬೆರಳುಗಳು ಹೇಗಿವೆ? ಮೊದಲು ಅದನ್ನು ಬರೆ, ಉಳಿದದ್ದೆಲ್ಲ ಆಮೇಲೆ. ಕಿರುಬೆರಳು ಮತ್ತು ಅದರ ಪಕ್ಕದ್ದು ನೀಲಿಗಟ್ಟಿವೆ, ಚಿವುಟಿದರೂ ಗೊತ್ತಾಗುವುದಿಲ್ಲ, ಈ ಚಳಿಗಾಲವೂ ಹೀಗೇ ಕಳೆದರೆ ಕತ್ತರಿಸಬೇಕಾದೀತು ಎಂದು ನಿಮ್ಮ ಮಿಲಿಟರಿ ಡಾಕ್ಟರು ಹೇಳಿದ್ದಾಗಿ ಹೋದ ಕಾಗದದಲ್ಲಿ ಬರೆದಿದ್ದೆಯಲ್ಲ, ಆ ಸಾಲನ್ನು ನಾನು ನಿನ್ನವ್ವನಿಗೆ ಓದದೆ ದಾಟಿಸಿದ್ದೆ. ಅವಳಿಗೆ ಅಕ್ಷರ ಬಾರದಿದ್ದರೂ ನಾನು ಎಲ್ಲಿ ಹಾರಿಸಿದೆ ಎಂಬುದು ಮಾತ್ರ ಸರಿಯಾಗಿ ಗೊತ್ತಾಗುತ್ತದೆ. "ಅಲ್ಲೆಂತದೋ ಬಿಟ್ರಿ, ಅದನ್ನೂ ಓದಿ" ಎಂದು ಎದುರಿಗೆ ಕೂತಳು. ಓದಿದೆ. ಮುಗಿಯುವುದರೊಳಗೆ ಅವಳು ಎದ್ದು ನನ್ನ ಚಪ್ಪಲಿ ಬಾಗಿಲಿಗೆ ತಂದಿಟ್ಟಳು, ಬೂಟು ಹುಡುಕಿಕೊಂಡು ಹೊರಡಿರಿ ಎಂದು.

ಗುರುವಾರ ಕಳಿಸಿದ ಬೂಟಿನ ಪಾರ್ಸೆಲ್ಲಿನಲ್ಲಿ ನಾಲ್ಕೇ ಸಾಲಿನ ಚೀಟಿ ಇಟ್ಟಿದ್ದೆ. ಅಷ್ಟು ಸಾಲದು ಎನ್ನಿಸಿ ಈ ಕಾಗದ ಬರೆಯುತ್ತಿದ್ದೇನೆ. ಚಳಿಗೆ ಬೂಟು ಹುಡುಕುವುದೆಂದರೆ ನಮ್ಮ ಕಡೆ ಸುಲಭವಲ್ಲ. ಶಿರಸಿಯ ಅಂಗಡಿಯವರು ಮೊಣಕಾಲುದ್ದದ ರಬ್ಬರ್ ಬೂಟು ತೆಗೆದು ತೋರಿಸಿದರು. ಅದು ಕೆಸರಿಗೆ ಸರಿ. ಚಳಿಯಲ್ಲಿ ಒಳಗೆ ಬೆವರಿ ಆ ಬೆವರೇ ಕಾಲನ್ನು ಕೊರೆಯುತ್ತದೆ ಎಂಬುದು ಮಳೆಗಾಲವೆಲ್ಲ ಅದನ್ನು ಹಾಕಿಕೊಂಡು ಟಪಾಲು ಹಂಚಿದ ನನಗೆ ಗೊತ್ತಿಲ್ಲವೇ? ಚಳಿ ಅಂದರೇನೆಂದು ಬಲ್ಲವರನ್ನೇ ಕೇಳಬೇಕು ಎಂದುಕೊಂಡು ಬಸ್ಸು ಹತ್ತಿ ಮುಂಡಗೋಡಿನ ಟಿಬೆಟಿನವರ ಕ್ಯಾಂಪಿಗೆ ಹೋದೆ. ಅಲ್ಲೊಬ್ಬಳು ಮುದುಕಿ, ನನಗಿಂತ ಹತ್ತು ವರ್ಷ ಹಿರಿಯಳಿರಬೇಕು, ಸ್ವೆಟರ್ ಹೆಣೆಯುತ್ತ ಕೂತಿದ್ದಳು. ಅವಳ ಮೊಮ್ಮಗಳು ನನ್ನ ಕನ್ನಡವನ್ನು ಅವಳಿಗೆ ತಿಳಿಸಿ ಹೇಳಿದಳು. ಬಿಗಿ ಬೂಟಿನೊಳಗೆ ದಪ್ಪ ಕಾಲುಚೀಲ ತುರುಕಿದರೆ ರಕ್ತ ಓಡದೆ ಕಾಲು ಇನ್ನಷ್ಟು ತಣ್ಣಗಾಗುತ್ತದೆ, ಬೆರಳು ಅಲ್ಲಾಡಿಸುವಷ್ಟು ಜಾಗ ಬೇಕು ಎಂದಳಂತೆ. ನಿನ್ನ ಬೆರಳಿಗೆ ಬಂದದ್ದು ಇದೇ ಇರಬಹುದು ಎಂದು ನನಗೆ ಅಲ್ಲೇ ಹೊಳೆಯಿತು. ಉಣ್ಣೆ ತೆಗೆಯದ ಕುರಿತೊಗಲು ಎರಡು ಅವಳಿಂದಲೇ ತಂದೆ. ಯಲ್ಲಾಪುರದಲ್ಲಿ ನಿನ್ನಕ್ಕ ಪ್ರತಿಭಾ ಎರಡು ಜೊತೆ ಉಣ್ಣೆ ಕಾಲುಚೀಲ ಹೆಣೆದು ಕಳಿಸಿದಳು. ಒಂದರ ಮೇಲೊಂದು ಹಾಕಬೇಡ. ಒಂದು ಜೊತೆ ಕಾಲಿಗೆ, ಇನ್ನೊಂದು ಒಣಗಲಿಕ್ಕೆ.

ಹೊಲಿದವಳು ಶಿರಸಿ ಬಸ್‌ಸ್ಟ್ಯಾಂಡಿನ ಕಲ್ಲವ್ವ. ಹಾವೇರಿ ಕಡೆಯವಳು, ಗಂಡ ತೀರಿದ ಮೇಲೆ ಅವನ ಪೆಟ್ಟಿಗೆ ಮುಂದೆ ತಾನೇ ಕೂತಿದ್ದಾಳೆ. ನನ್ನ ಸರಕಾರಿ ಚಪ್ಪಲಿಗಳನ್ನು ಎಷ್ಟೋ ವರ್ಷ ಬದುಕಿಸಿಕೊಟ್ಟವಳು ಅವಳೇ. ನೀನು ಎರಡು ಹಾಳೆ ಅಂಟಿಸಿ ಪೆನ್ಸಿಲಿನಲ್ಲಿ ಗೀರಿ ಕಳಿಸಿದ ಪಾದದ ಅಳತೆಯನ್ನು ಅವಳಿಗೆ ಕೊಡುವ ಮೊದಲು ನಿನ್ನವ್ವ ಅದನ್ನು ನೆಲದ ಮೇಲೆ ಹಾಸಿ ಅಂಗೈ ಇಟ್ಟು ನೋಡಿದಳು. ಕಿರುಬೆರಳಿನ ಜಾಗದಲ್ಲಿ ಕೈ ಸ್ವಲ್ಪ ಹೊತ್ತು ನಿಂತಿತು. ನಾನು ಅವಸರ ಮಾಡಲಿಲ್ಲ.

ಕಲ್ಲವ್ವನಿಗೆ ನಿನ್ನ ಕಾಗದವನ್ನೇ ಓದಿ ಹೇಳಿದೆ. ಅಡಿ ನುಣುಪಾಗಿರಲಿ, ಗೀರುಗೆರೆ ಬೇಡ, ಹಿಮ್ಮಡಿ ಒಂದು ಇಂಚು ಎತ್ತರ ಇರಲಿ, ಮುಂದುಗಡೆ ತೀರಾ ಅಗಲ ಆಗಬಾರದು, ಒಳಗೆ ಬೆಚ್ಚಗಿರಲಿ ಎಂದು ನೀನು ಬರೆದಿದ್ದೆ. ಕಾರಣ ಬರೆದಿರಲಿಲ್ಲ. ಒಳಗೆ ಬೆಚ್ಚಗಿರಲಿ ಎಂಬುದೊಂದನ್ನು ನಿನ್ನ ಇಷ್ಟದಂತೆ ಮಾಡಿಸಿದ್ದೇನೆ. ಉಳಿದ ಮೂರನ್ನೂ ನಾನು ಬದಲಾಯಿಸಿದ್ದೇನೆ, ಸಿಟ್ಟಾಗಬೇಡ. ಅಡಿಗೆ ಲಾರಿ ಟೈರಿನ ತುಂಡು ಹಾಕಿಸಿ, ಅದರ ಗೀರನ್ನು ಇನ್ನೂ ಆಳವಾಗಿ ಕೊರೆಸಿದೆ. ಹಿಮ್ಮಡಿ ತೆಗೆಸಿ ಸಪಾಟು ಮಾಡಿಸಿದೆ. ಮುಂದುಗಡೆಯೂ ಅಗಲ ಬಿಡಿಸಿದೆ, ಬೆರಳಿಗೆ ಜಾಗವಾಯಿತು. ಕಲ್ಲವ್ವ ಒಪ್ಪಲಿಲ್ಲ. "ಹುಡುಗ ಹೆಂಗ ಬರದಾನ ಹಂಗ ಮಾಡೂಣ್ರೀ ಅಣ್ಣಾರ. ಕುದರಿ ಮ್ಯಾಲ ಕುಂಡ್ರಾವ ಅಂವ, ನೀವಲ್ಲ" ಎಂದಳು. ದಿನಕ್ಕೆ ಹನ್ನೆರಡು ಮೈಲಿಯಂತೆ ಮೂವತ್ತೊಂದು ವರ್ಷ ಗುಡ್ಡ ಹತ್ತಿ ಇಳಿದವನಿಗೆ ಕಾಲ ಕೆಳಗೆ ಏನಿರಬೇಕೆಂದು ಗೊತ್ತು ಎಂದು ಅವಳ ಬಾಯಿ ಮುಚ್ಚಿಸಿದೆ. ನೀನು ಬೆಳಗಿನ ಮಂಜುಗಡ್ಡೆಯ ಮೇಲೆ ಕುದುರೆ ಇಳಿದು, ಹತ್ತಿ, ಹಿಂದೆ ಬರುವ ಹೇಸರಗತ್ತೆಗಳ ಸಾಲನ್ನು ನಡೆಸುವವನು. ನಿನಗೆ ನುಣುಪು ಅಡಿಯ ಬೂಟು ನನ್ನ ಕೈಯಿಂದ ಸಿಗಲಾರದು.

ಯಾಕೆಂದು ನಿನಗೆ ಗೊತ್ತು. ಏಳು ವರ್ಷವಾದರೂ ನಾವು ಮೂವರೂ ಬಾಯಿಬಿಟ್ಟು ಆಡದ ಮಾತು, ಇವತ್ತು ಬರೆದುಬಿಡುತ್ತೇನೆ. ಅರಣ್ಯ ಇಲಾಖೆಯ ಗಾರ್ಡ್ ಕೆಲಸದ ಸಂದರ್ಶನಕ್ಕೆಂದು ನಿನ್ನಣ್ಣ ಚೌಡನಿಗೆ ಆ ಮಿರಿಮಿರಿ ಬೂಟು ತಂದವನು ನಾನು. ನುಣುಪು ಅಡಿ, ಎತ್ತರದ ಹಿಮ್ಮಡಿ. ಹಳ್ಳದ ಸಂಕ ದಾಟುವವರೆಗೆ ಬರಿಗಾಲಲ್ಲಿ ಹೋಗಿ ಆಚೆ ದಡದಲ್ಲಿ ಹಾಕಿಕೊಳ್ಳುತ್ತೇನೆ ಎಂದು ಅವನು ಹೇಳಿದ್ದ. ಹೊಸ ಬೂಟು ಕಂಕುಳಲ್ಲಿ ಇಟ್ಟುಕೊಂಡು ಹೋಗುವವನನ್ನು ಯಾವ ಸಾಹೇಬ ಗಾರ್ಡ್ ಮಾಡುತ್ತಾನೆ ಎಂದು ನಾನು ನಗಾಡಿದೆ. ಅವನು ಅಂಗಳದಲ್ಲೇ ಬೂಟು ಹಾಕಿಕೊಂಡು ಹೊರಟ. ಆಷಾಢದ ಹಳ್ಳ, ಪಾಚಿ ಹಿಡಿದ ಒಂಟಿ ಮರದ ಸಂಕ. ಮೂರನೆಯ ದಿನ ಅವನು ಸಿಕ್ಕಾಗ ಒಂದು ಕಾಲಿನಲ್ಲಿ ಬೂಟು ಇನ್ನೂ ಇತ್ತು. ಅದರ ಅಡಿಯನ್ನು ನಾನು ಹೆಬ್ಬೆರಳಿನಿಂದ ಉಜ್ಜಿ ನೋಡಿದೆ, ನುಣ್ಣಗಿತ್ತು. ನನ್ನ ಮಗನನ್ನು ನಾನೇ ಕಳೆದೆ ಎಂಬುದು ಆವತ್ತಿನಿಂದ ಒಂದು ದಿನವೂ ನನ್ನನ್ನು ಬಿಟ್ಟಿಲ್ಲ.

ಆದ್ದರಿಂದಲೇ ಪಾರ್ಸೆಲ್ಲಿನ ಚೀಟಿಯಲ್ಲಿ ನಿನ್ನವ್ವ ಆಣೆ ಬರೆಸಿದ್ದು. ಈ ಬೂಟು ಕೈಸೇರಿದ ದಿನದಿಂದ ಚಳಿ ಮುಗಿಯುವವರೆಗೆ ಬೇರೆ ಯಾವುದನ್ನೂ ಕಾಲಿಗೆ ಹಾಕಿ ಕುದುರೆ ಹತ್ತಬಾರದು, ಹತ್ತಿದರೆ ಹೆತ್ತವಳ ಮೇಲಾಣೆ. ಇಷ್ಟು ದೊಡ್ಡ ಆಣೆ ಬೇಕೇ ಎಂದು ನಾನು ಕೇಳಿದ್ದೆ. ಸರಕಾರದ ಬೂಟು ಚಂದ ಕಾಣುತ್ತದೆಂದು ಅದನ್ನೇ ಹಾಕಿಕೊಂಡು ಬೆರಳು ಕಳೆದುಕೊಳ್ಳುತ್ತಾನೆ, ಬರೆಯಿರಿ ಎಂದಳು. ನೀನು ಆಣೆ ಮೀರುವವನಲ್ಲ ಎಂಬುದು ಅವಳಿಗೆ ಗೊತ್ತು. ಚೌಡ ಹೋದ ಮೇಲೆ ಸಂಕ ಮೆಟ್ಟಬಾರದು ಎಂದು ಅವಳು ಆಣೆ ಹಾಕಿದಾಗ ಮೂರು ವರ್ಷ ಎರಡು ಮೈಲಿ ಸುತ್ತುಹಾಕಿ ರಸ್ತೆಯ ಸೇತುವೆ ಮೇಲೆ ಶಾಲೆಗೆ ಹೋದವನು ನೀನು. ಆಚೆ ದಡದ ಮನೆಯಲ್ಲಿ ನಿನ್ನಜ್ಜಿ ದುರ್ಗಮ್ಮ ತೀರಿಕೊಂಡ ದಿನ, ಹೆಣ ಎತ್ತುವ ಹೊತ್ತಾಗಿ ಸುತ್ತಿ ಬರಲು ಸಮಯವಿಲ್ಲದಿದ್ದರೂ, ನಾನು ಎಷ್ಟು ಕೂಗಿದರೂ ನೀನು ಈಚೆಯೇ ನಿಂತಿದ್ದೆ. ಆಣೆ ಹಾಕಿದವರೇ ಬಿಡಿಸಬೇಕು, ಅಪ್ಪನ ಮಾತು ನಡೆಯುವುದಿಲ್ಲ ಎಂದೆ. ಕಡೆಗೆ ನಿನ್ನವ್ವ ಹೆಣದ ಮುಂದಿನಿಂದ ಎದ್ದು ಬಂದು ದಡದಲ್ಲಿ ನಿಂತು "ಬಿಟ್ಟೆ ಮಗಾ, ಬಾ" ಎಂದ ಮೇಲೆ ದಾಟಿದೆ. ಆವತ್ತು ನಿನ್ನ ಮೇಲೆ ಸಿಟ್ಟು ಬಂದಿತ್ತು. ಈಗ ಆ ಹಟವೇ ನಿನ್ನ ಬೆರಳು ಉಳಿಸುತ್ತದೆ ಎಂಬ ಧೈರ್ಯ ಇದೆ.

ಪಾರ್ಸೆಲ್ಲನ್ನು ಇಲ್ಲಿಯ ಚೀಲಕ್ಕೆ ಹಾಕಿ ಸುಮ್ಮನಾಗಲಿಲ್ಲ. ತೊಡೆಯ ಮೇಲೆ ಇಟ್ಟುಕೊಂಡು ನಾನೇ ಹುಬ್ಬಳ್ಳಿಗೆ ಹೋಗಿ, ರಿಜಿಸ್ಟರ್ ಮಾಡಿಸಿ, ಹಳೆಯ ಪರಿಚಯದವರ ಕೈಕಾಲು ಹಿಡಿದು ಅದೇ ಸಂಜೆಯ ರೈಲಿನ ಚೀಲಕ್ಕೆ ಸೇರಿಸಿ ಬಂದೆ. ನಿನ್ನ ವಿಳಾಸ ಐವತ್ತಾರು ಎ.ಪಿ.ಓ. ಎಂಬ ಮಿಲಿಟರಿ ಅಂಚೆಯ ನಂಬರು ಮಾತ್ರ ಆಗಿರುವುದರಿಂದ ಮುಂದೆ ಯಾವ ಬೆಟ್ಟಕ್ಕೆ ಹೋಗುತ್ತದೋ ನನಗೂ ಗೊತ್ತಿಲ್ಲ. ಆದರೂ ಈ ಕಾಗದಕ್ಕಿಂತ ಮೂರು ನಾಲ್ಕು ದಿನ ಮೊದಲೇ ನಿನ್ನ ಕೈಗೆ ಸೇರುವಂತೆ ಮಾಡಿದ್ದೇನೆ. ಅದೊಂದು ನನ್ನ ಕೈಲಾದ ಕೆಲಸ. ತಲುಪಿದ್ದಕ್ಕೆ ಕಾಗದ ಬರೆ. ಅನುಭವದ ಮೇಲೆ ಹೇಳುತ್ತೇನೆ, ಮಿಲಿಟರಿಯಿಂದ ಬರುವ ಲಕೋಟೆಯ ಮೇಲೆ ಮನೆಯವರ ಅಕ್ಷರ ಕಂಡರೆ ಹಂಚುವವನಿಗೂ ಜೀವ ಬಂದಂತಾಗುತ್ತದೆ. ಸಾವಿನ ಸುದ್ದಿ ಹೊತ್ತ, ಟೈಪು ಮಾಡಿದ ವಿಳಾಸದ ಲಕೋಟೆಯನ್ನು ನಾನು ಎರಡು ಮನೆಗಳಿಗೆ ಕೊಟ್ಟಿದ್ದೇನೆ. ಎರಡೂ ಕಡೆ ನೀರು ಕೂಡ ಕುಡಿಯದೆ ಬಂದೆ.

ಪ್ರತಿಭಾ, ಅಳಿಯಂದಿರು ನಿನ್ನನ್ನು ಕೇಳಿದ್ದಾರೆ. ನಿನ್ನ ಕುದುರೆಗೂ ನನ್ನ ನೆನಪು ಹೇಳು. ಬೆಚ್ಚಗಿರು, ಬೆರಳನ್ನು ದಿನಾ ಎಣ್ಣೆ ಹಚ್ಚಿ ತಿಕ್ಕು. ದೇವರು ನಿನ್ನ ಕಾಲು ಜಾರದ ಹಾಗೆ ಕಾಯಲಿ.

ನಿನ್ನ ಅಪ್ಪ,
ಸೋಮ

ತಾ.ಕ.: ಸೋಮವಾರ, ಮಧ್ಯಾಹ್ನ. ಉದಯಾ, ಆ ಬೂಟು ಹಾಕಿಕೊಂಡು ಕುದುರೆ ಹತ್ತಬೇಡ. ಬೆಳಿಗ್ಗೆ ಈ ಕಾಗದ ಪೋಸ್ಟಿಗೆ ಹಾಕಲು ಹೊರಟಾಗ ಶಾಂತಾರಾಮ ಬಂದ. ಮೈಸೂರಿನಲ್ಲಿ ಕುದುರೆ ಪೊಲೀಸನಾಗಿ ರಿಟೈರಾದವನು, ಶಿರಸಿಯಲ್ಲಿದ್ದಾನೆ, ತಾಲೂಕು ಕಚೇರಿಯ ಕೆಲಸಕ್ಕೆ ಬಂದಿದ್ದ. ಟೈರಿನ ಉಳಿದ ತುಂಡನ್ನು ತೋರಿಸಿ, ನಾನು ಬದಲಾಯಿಸಿದ್ದನ್ನೆಲ್ಲ ಹೇಳಿ ಜಂಬ ಕೊಚ್ಚಿದೆ. ಅವನು ಅದರ ಗೀರಿನೊಳಗೆ ಉಗುರು ಇಟ್ಟು ಆಳ ನೋಡಿದ. ಆಮೇಲೆ "ಸೋಮಣ್ಣ, ಬಿದ್ದಾಗ ರಿಕಾಪಿಂದ ಕಾಲು ಜಾರ್ಬೇಕು. ಜಾರಿದ್ರೇ ಬದುಕೂದು" ಎಂದ. ಸವಾರ ಕಾಲಿಡುವ ಆ ಕಬ್ಬಿಣದ ಬಳೆಗೆ ರಿಕಾಪು ಎನ್ನುತ್ತಾರೆಂಬುದೇ ನನಗೆ ಗೊತ್ತಿರಲಿಲ್ಲ. ಹಿಮ್ಮಡಿ ಇಲ್ಲದಿದ್ದರೆ ಪಾದ ಅದರೊಳಗೆ ಪೂರ್ತಿ ತೂರಿಹೋಗುತ್ತದಂತೆ, ಆಳದ ಗೀರು ಕಚ್ಚಿ ಹಿಡಿಯುತ್ತದಂತೆ, ಅಗಲದ ಮುಂಭಾಗ ಸಿಕ್ಕಿಕೊಂಡು ವಾಪಸು ಬರುವುದಿಲ್ಲವಂತೆ, ಬೆದರಿದ ಕುದುರೆ ತಲೆಕೆಳಗಾಗಿ ನೇತಾಡುವವನನ್ನು ಕಲ್ಲಿನ ಮೇಲೆ ಎಳೆದುಕೊಂಡೇ ಓಡುತ್ತದಂತೆ. ನಾನು ಬದಲಾಯಿಸಿದ ಮೂರೂ ಅದಕ್ಕೇ ಒದಗುವಂಥವು. ನೀನು ಕಾರಣ ಬರೆಯಲಿಲ್ಲ ಎಂದು ನಾನು ನೆಪ ಹೇಳಲಾರೆ. ಕೇಳುವುದು ನನ್ನ ಕೆಲಸವಾಗಿತ್ತು.

ನೀನು ನೋಡಿದ ಕೂಡಲೇ ತಪ್ಪು ಕಂಡುಕೊಳ್ಳುತ್ತೀ. ಆದರೂ ಆಣೆ ಇದೆಯೆಂದು ಹಾಕಿಕೊಳ್ಳುತ್ತೀ, ಅದೇ ನನಗೆ ಹೆದರಿಕೆ. ತಂತಿ ಕೊಟ್ಟೆ. ಅದರಲ್ಲಿ ಯಾರ ಹೆಸರು ಹಾಕಿದರೂ ಅದು ಅಪ್ಪನ ಮಾತಾಯಿತು, ನೀನು ಕೇಳುವುದಿಲ್ಲ. ನಿನ್ನವ್ವನಿಗೆ ಎಲ್ಲ ಹೇಳಿದೆ. ಪೋಸ್ಟಾಫೀಸಿಗೆ ಬಂದು ಮುದ್ರೆಯ ಶಾಯಿಗೆ ಹೆಬ್ಬೆರಳು ಅದ್ದಿ, ಕಾಗದದ ಮೇಲೆ ಒತ್ತಿ "ಬಿಟ್ಟೆ ಮಗಾ, ಬಿಟ್ಟೆ" ಎಂದಳು. ಕೆಳಗಿರುವ ಹೆಬ್ಬೆಟ್ಟು ಅವಳದೇ, ಅಡ್ಡ ಗೀರು ಹಳೆಯ ಕತ್ತಿಯ ಗಾಯದ್ದು, ನಿನಗೆ ಗುರುತಿದೆ. ಆಣೆ ಬಿಟ್ಟಿತು. ಆ ಅಡಿಯನ್ನು ಕೀಳಿಸಿ ನೀನು ಹೇಳಿದ ಹಾಗೆ ನುಣುಪು ಚರ್ಮ, ಹಿಮ್ಮಡಿ ಹಾಕಿಸು. ಮುಂದಿನ ಅಗಲ ಹಾಗೆಯೇ ಉಳಿಯುತ್ತದೆ, ರಿಕಾಪಿನಲ್ಲಿ ಸಲೀಸಾಗಿ ಆಡದಿದ್ದರೆ ಹತ್ತಲೇಬೇಡ, ನೆಲದ ಮೇಲೆ ನಡೆಯಲಿಕ್ಕೆ ಇಟ್ಟುಕೋ. ಶಾಂತಾರಾಮ ಕಲ್ಲವ್ವನಿಗೆ ಸುದ್ದಿ ಮುಟ್ಟಿಸುತ್ತಾನೆ, ನೀನು ಬರೆದಂತೆಯೇ ಇನ್ನೊಂದು ಜೊತೆ ಹೊಲಿಸುತ್ತೇನೆ.

ಎರಡು ಗಂಟೆಯ ಬಸ್ಸಿಗೆ ಹುಬ್ಬಳ್ಳಿಗೆ ಹೊರಟಿದ್ದೇನೆ, ರೈಲಿನ ಟಪಾಲು ಡಬ್ಬಿಗೆ ನಾನೇ ಹಾಕುತ್ತೇನೆ. ಒಬ್ಬರ ಟಪಾಲೂ ತಡವಾಗಬಾರದು ಎಂದು ಬದುಕಿದವನು ನಾನು. ಈಗ ಆ ಪಾರ್ಸೆಲ್ಲು ಎಲ್ಲಾದರೂ ಕಳೆದುಹೋಗಲಿ ಎಂದು ಬೇಡುತ್ತಿದ್ದೇನೆ. ಇದು ಮುಟ್ಟಿದ ದಿನವೇ ಒಂದು ಸಾಲು ಬರೆ. ಏನೂ ತೋಚದಿದ್ದರೆ ಒಳಗೆ ಏನನ್ನೂ ಬರೆಯಬೇಡ, ಲಕೋಟೆಯ ಮೇಲಿನ ವಿಳಾಸ ಮಾತ್ರ ನಿನ್ನ ಅಕ್ಷರದಲ್ಲೇ ಇರಲಿ.