ಕೊಟ್ಟ ಹೆಪ್ಪು

ಜೂನ್ 3

ನರಸೀಪುರದಿಂದ ಬೆಳಗಿನ ಬಸ್. ಸೀಟಿಲ್ಲ. ಮತ್ತೆ ಹದಿನಾರು ಅನ್ನುವ ಊರಿನಾಚೆ, ಗುರುಸಿದ್ದಮ್ಮಜ್ಜಿಯ ಬಾವಿ. ಪಕ್ಕದ ಶೆಡ್ಡಿನಲ್ಲಿ ಹಳೇ ಬ್ಯಾಟರಿ ಕರಗಿಸಿ ಕರಗಿಸಿ ನೀರಿಗೆ ಸೀಸ ಇಳಿದಿದೆ. ಆ ಶೆಡ್ಡಿನ ಕೆಸರಲ್ಲೇ ಬದುಕಿಕೊಂಡಿದ್ದ ಬ್ಯಾಕ್ಟೀರಿಯಾವನ್ನು ಲ್ಯಾಬಿನಲ್ಲಿ ಬೆಳೆಸಿದ್ದೇವೆ. ಸೀಸವನ್ನು ಮೈಗೆ ಅಂಟಿಸಿಕೊಳ್ಳುತ್ತವೆ, ಸಾಯುವುದಿಲ್ಲ. ಗಟ್ಟಿ ಪಿಂಡಗಳು. ತೆಂಗಿನ ನಾರಿಗೆ ಹತ್ತಿಸಿ ಡ್ರಮ್ಮಿಗೆ ತುಂಬಿದೆ. ಬಾವಿ ನೀರು ಅದರೊಳಗೆ ಹಾದು ಬರಬೇಕು.

"ಇದೇನವ್ವ ಲೋಳೆ?"

"ಹೆಪ್ಪು ಇದ್ದ ಹಾಗೆ, ಅಜ್ಜಿ. ಸ್ವಲ್ಪ ಹಾಕಿದ್ರೆ ತಾನೇ ಬೆಳೆಯುತ್ತೆ."

ಎಷ್ಟು ಸಲೀಸಾಗಿ ಹೇಳಿದೆ ಅಂತ ಬಸ್ಸಿನಲ್ಲಿ ನನಗೇ ಹೆಮ್ಮೆ!

ಜೂನ್ 24

ರಿಪೋರ್ಟ್ ಬಂತು. ನೀರಿನಲ್ಲಿ ಸೀಸ ತುಂಬಾ ಕಡಿಮೆ. ಲ್ಯಾಬಿನ ಗೈಡ್ ಸರ್‌ಗೆ ಖುಷಿ. ಆದರೂ ಇದು ದನಕ್ಕೆ ಮಾತ್ರ, ಕುಡಿಯಲು ನಲ್ಲಿ ನೀರೇ ಎಂದು ಒತ್ತಿ ಹೇಳಿ ಬಂದೆ. ಅಜ್ಜಿಯ ಸೊಸೆ ಶಾಂತಿಗೆ ಐದು ತಿಂಗಳು. ಬೇಡವೆಂದರೂ ಅಕ್ಕಿರೊಟ್ಟಿ, ಹುಚ್ಚೆಳ್ಳು ಚಟ್ನಿ ಹಾಕಿಕೊಟ್ಟಳು. ಮುಂದಿನ ವಾರ ನಾರು ಬದಲಿಸಬೇಕು.

ಜುಲೈ 19

ಪರೀಕ್ಷೆ ಡ್ಯೂಟಿ, ಹೋಗಲಾಗಿರಲಿಲ್ಲ. ಇವತ್ತು ಹೋದೆ. ಶಾಂತಿಗೆ ಮಗು ಹೋಗಿದೆ. ಗೋಡೆಗೊರಗಿ ಕೂತಿದ್ದವಳು ನನ್ನನ್ನು ಕಂಡು ಸೆರಗು ಬಾಯಿಗೆ ಒತ್ತಿಕೊಂಡಳು.

"ನೀನೇಳ್ದಂಗೆ ನಲ್ಲಿ ನೀರ್ನೇ ಕುಡಿಸ್ದೆ ಕಣವ್ವ," ಅಂದರು ಅಜ್ಜಿ. "ಅದೂ ಚೆಂದಾಗ್ಲಿ ಅಂತ ಡ್ರಮ್ಮಿಂದ ಒಸಿ ಎಪ್ಪು ತಂದು ಗಡ್ಗೆಗೆ ಬುಟ್ಟಿದ್ದೆ. ಸಾಲ್ದಾಯ್ತೇನೋ."

ನೀರಿನಿಂದ ತೆಗೆದ ಸೀಸವೆಲ್ಲ ಆ ಲೋಳೆಯಲ್ಲೇ ಇರುವುದು! ಅದನ್ನು ಹೇಳಲೇ ಇಲ್ಲ. ಹೆಪ್ಪು ಅಂದುಬಿಟ್ಟೆ. ಮಾತು ಆಡಿದರೆ ಹೋಯ್ತು, ಮುತ್ತು ಒಡೆದರೆ ಹೋಯ್ತು... ಒಂದು ಬಾಟಲಿ ಸ್ಯಾಂಪಲ್ ತೆಗೆದುಕೊಂಡು ಗಡಿಗೆ ಖಾಲಿ ಮಾಡಿಸಿದೆ. ಯಾಕೆಂದು ಹೇಳದೆಯೇ ಹೊರಟೆ. ಬಸ್ಸಿನಲ್ಲಿ ಅತ್ತೆ.

ಜುಲೈ 22

ಗಡಿಗೆ ನೀರಿನಲ್ಲಿ ಸೀಸ ಬಾವಿಗಿಂತ ಹೆಚ್ಚು. ಮಗು ಹೋಗಿದ್ದು ಅದರಿಂದಲೇ ಎಂದು ಖಚಿತವಾಗಿ ಹೇಳಲಾಗದು ಅಂದರು ಸರ್. ನನ್ನ ಸಮಾಧಾನಕ್ಕೆ. ಅಜ್ಜಿಗೆ ಏನು ಹೇಳಲಿ?

ಜುಲೈ 23

ಹೇಳಿದೆ. ಎಲ್ಲ. ಕೈ ಹಿಡಿದುಕೊಂಡು. ಬೈಯಲಿಲ್ಲ. ಬೈದಿದ್ದರೆ ಚೆನ್ನಾಗಿತ್ತು. ಎದುರು ಮನೆ ಕಡೆ ನೋಡಿದರು.

"ಎಪ್ಪು ಕೇಳ್ದೋರ್ಗೆ ಇಲ್ಲ ಅನ್ಬಾರ್ದು ಅಂತ... ಅರ್ಪಿತಂಗೂ ಕೊಟ್ಬುಟ್ಟಿವ್ನಿ ಕಣವ್ವ. ಅವ್ಳೂ ಬಸ್ರಿ."

ಓಡಿದೆವು. ಬಾಗಿಲು ತೆಗೆದವಳು ನಕ್ಕು, ಬಿಸಿಲಲ್ಲಿ ಬಂದಿದೀರ ಕೂತ್ಕೊಳಿ ಅಂತ ಗಡಿಗೆಯಿಂದ ನನಗೊಂದು ಲೋಟ ನೀರು—